ಕಟ್ಟಡದ ನಕ್ಷೆಗೂ ಚೆಕ್ಕುಬಂದಿ ಬೇಕು

ಜಮೀನಿನ ಖರೀದಿ ಪತ್ರವನ್ನು ಬರೆಸುವಾಗ ಯಾವ ವ್ಯಾಪಾರಸ್ಥನೂ ಚೆಕ್ಕುಬಂದಿಯನ್ನು ಓದಿಸಿಕೊಳ್ಳದೆ ಸಹಿ ಹಾಕುವುದಿಲ್ಲ. ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾವ ರಸ್ತೆ, ಉತ್ತರಕ್ಕೆ ಹಳ್ಳವೋ ಬಂಡಿದಾರಿಯೋ, ದಕ್ಷಿಣಕ್ಕೆ ಯಾವ ಸರ್ವೆ ನಂಬರು ಎಂಬುದನ್ನು ಎರಡೆರಡು ಬಾರಿ ಕೇಳಿ ತಿಳಿದುಕೊಂಡ ನಂತರವೇ ಹಣ ಕೈ ಬದಲಾಗುತ್ತದೆ. ಆದರೆ ಅದೇ ಜಮೀನಿನ ಮೇಲೆ ಜಮೀನಿಗಿಂತ ಹಲವು ಪಟ್ಟು ಹೆಚ್ಚು ಬೆಲೆಯ ಕಟ್ಟಡವನ್ನು ಕಟ್ಟಿಸಲು ಕಂಪ್ಯೂಟರಿನಲ್ಲಿ ನಕ್ಷೆ ಸಿದ್ಧವಾಗುವಾಗ, ಈ ಜಮೀನು ಭೂಮಿಯ ಮೇಲೆ ಎಲ್ಲಿದೆ, ಅದರ ಉತ್ತರ ಯಾವ ಕಡೆಗಿದೆ ಎಂಬುದನ್ನು ಆ ಕಂಪ್ಯೂಟರಿಗೆ ಯಾರಾದರೂ ತಿಳಿಸಿದ್ದಾರೆಯೇ ಎಂದು ವಿಚಾರಿಸುವ ಮಾಲೀಕರು ವಿರಳ. ನಕ್ಷೆಯ ಮೂಲೆಯಲ್ಲಿ ಉತ್ತರದ ಬಾಣವೊಂದು ಕಂಡರೆ ಸಾಕೆಂದು ಭಾವಿಸಲಾಗುತ್ತದೆ.

ಹಿಂದೆ ಇಷ್ಟೇ ಸಾಕಾಗುತ್ತಿತ್ತು. ಟ್ರೇಸಿಂಗ್ ಕಾಗದದ ಮೇಲೆ ಎಳೆದ ಗೆರೆಗಳಿಗೆ ಬಿಸಿಲು, ನೆರಳು, ಸೆಕೆಗಳ ಗೊಡವೆ ಇರಲಿಲ್ಲ. ಆ ಲೆಕ್ಕವೆಲ್ಲ ಅನುಭವಸ್ಥ ಮೇಸ್ತ್ರಿಯ ತಲೆಯಲ್ಲಿ ಇರುತ್ತಿತ್ತು. ಈಗ ರೆವಿಟ್, ಆರ್ಕಿಕ್ಯಾಡ್, ಸ್ಕೆಚ್‌ಅಪ್ ಮೊದಲಾದ ತಂತ್ರಾಂಶಗಳು ಗೆರೆಗಳ ಬದಲು ಕಟ್ಟಡದ ಪೂರ್ಣ ಮಾದರಿಯನ್ನೇ ನಿರ್ಮಿಸುತ್ತವೆ. ಡಿಸೆಂಬರಿನಲ್ಲಿ ಗೋಡೆಯ ನೆರಳು ಎಲ್ಲಿಯವರೆಗೆ ಬೀಳುತ್ತದೆ, ಮೇ ತಿಂಗಳಿನಲ್ಲಿ ಕಚೇರಿಯ ಕೋಣೆಗೆ ಎಷ್ಟು ಟನ್ನಿನ ಹವಾನಿಯಂತ್ರಕ ಬೇಕು, ಮಾಳಿಗೆಯ ಮೇಲಿನ ಸೌರಫಲಕಗಳ ಸಾಲುಗಳ ನಡುವೆ ಎಷ್ಟು ಅಂತರ ಬಿಡಬೇಕು ಎಂಬುದನ್ನೆಲ್ಲ ಅವು ಲೆಕ್ಕ ಹಾಕಿ ಕೊಡುತ್ತವೆ. ಈ ಎಲ್ಲ ಲೆಕ್ಕಗಳ ಮೊದಲ ಅಂಕಿಯೇ ಸ್ಥಳ. ಅಕ್ಷಾಂಶ, ರೇಖಾಂಶ ಮತ್ತು ನಿಜವಾದ ಉತ್ತರ ದಿಕ್ಕನ್ನು ಒದಗಿಸದಿದ್ದರೆ ತಂತ್ರಾಂಶವು ಕೆಲಸವನ್ನು ನಿಲ್ಲಿಸುವುದಿಲ್ಲ, ಎಚ್ಚರಿಕೆಯನ್ನೂ ನೀಡುವುದಿಲ್ಲ. ತಯಾರಕರು ಮೊದಲೇ ತುಂಬಿಟ್ಟ ಊರನ್ನೇ ಹಿಡಿದುಕೊಂಡು ಮುಂದುವರಿಯುತ್ತದೆ. ರೆವಿಟ್‌ನ ಅಮೆರಿಕದ ಮಾದರಿ ಕಡತಗಳಲ್ಲಿ ಆ ಊರು ಬಾಸ್ಟನ್. ಸ್ಕೆಚ್‌ಅಪ್‌ನಲ್ಲಿ ಕೊಲರಾಡೊ ರಾಜ್ಯದ ಬೋಲ್ಡರ್. ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ, ಬೇರೊಬ್ಬರ ಅಂಗಡಿಯ ಆರಂಭಿಕ ಶಿಲ್ಕನ್ನು ತನ್ನ ಖಾತೆ ಪುಸ್ತಕದಲ್ಲಿ ಬರೆದುಕೊಂಡು ವರ್ಷವಿಡೀ ಕೂಡಿಸಿ ಕಳೆದಂತೆ. ಕೂಡಿಸುವ ಕ್ರಿಯೆಯಲ್ಲಿ ಎಲ್ಲಿಯೂ ತಪ್ಪು ಸಿಗುವುದಿಲ್ಲ. ಆದರೆ ಮೊತ್ತ ತಪ್ಪಾಗಿರುತ್ತದೆ.

ಇದರ ಪರಿಣಾಮವನ್ನು ಅಳೆಯಲು ಆಳಂದ ತಾಲ್ಲೂಕಿನ ನರೋಣಾವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಹೋಬಳಿ ಕೇಂದ್ರವಾದ ಈ ಊರಿನ ಸುತ್ತ ಬೆಳೆಯುವುದು ತೊಗರಿ. 2019ರಲ್ಲಿ ಭೌಗೋಳಿಕ ಸೂಚಕವನ್ನು ಪಡೆದ ಗುಲ್ಬರ್ಗಾ ತೊಗರಿಬೇಳೆಯ ಸೀಮೆ ಇದು. ಇಲ್ಲಿ ಒಬ್ಬ ವ್ಯಾಪಾರಸ್ಥನು ಸಣ್ಣ ದಾಲ್ ಮಿಲ್ಲನ್ನು ಸ್ಥಾಪಿಸಲು ಹೊರಟಿದ್ದಾನೆಂದು ಭಾವಿಸೋಣ. ಎಲಿವೇಟರುಗಳನ್ನು ನಿಲ್ಲಿಸಲು ಶೆಡ್ಡಿನ ಗೋಡೆ 30 ಅಡಿ ಎತ್ತರ. ಎಣ್ಣೆ, ನೀರು ಹಾಕಿ ಹದಗೊಳಿಸಿದ ತೊಗರಿಯನ್ನು ಒಣಗಿಸಲು ಶೆಡ್ಡಿನ ಉತ್ತರಕ್ಕೆ 100 ಅಡಿ ಉದ್ದದ ಸಿಮೆಂಟ್ ಕಣ. ಯಂತ್ರದ ಡ್ರೈಯರ್ ಇದ್ದವರಿಗೂ ಬಿಸಿಲು ಪುಕ್ಕಟೆಯ ಇಂಧನವೇ ಆದ್ದರಿಂದ ಕಣವನ್ನು ಬಿಡುವವರು ಕಡಿಮೆ. ತೊಗರಿ ಬರುವುದು ಡಿಸೆಂಬರ್, ಜನವರಿಯಲ್ಲಿ. ಗೋಡೆಯ ನೆರಳು ಉತ್ತರಕ್ಕೆ ಅತ್ಯಂತ ಉದ್ದವಾಗಿ ಚಾಚುವುದೂ ಅದೇ ದಿನಗಳಲ್ಲಿ.

ನರೋಣಾ ಇರುವುದು ಸುಮಾರು 17.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ 21ರ ನಡುಹಗಲಿನಲ್ಲಿ ಅಲ್ಲಿ ಸೂರ್ಯನ ಎತ್ತರ ಸುಮಾರು 49 ಡಿಗ್ರಿ. ಆಗ 30 ಅಡಿಯ ಗೋಡೆಯ ನೆರಳು ಉತ್ತರಕ್ಕೆ 26 ಅಡಿ ಬೀಳುತ್ತದೆ. ಬಾಸ್ಟನ್ ನಗರವು 42 ಡಿಗ್ರಿಯ ಆಚೆಗಿದೆ; ಅಲ್ಲಿ ಅದೇ ದಿನ, ಅದೇ ಹೊತ್ತಿಗೆ ಸೂರ್ಯನ ಎತ್ತರ ಕೇವಲ 24 ಡಿಗ್ರಿ, ಅದೇ ಗೋಡೆಯ ನೆರಳು 67 ಅಡಿ. ಸ್ಥಳವನ್ನು ಬದಲಿಸದ ತಂತ್ರಾಂಶವು ಕಣವನ್ನು ಗೋಡೆಯಿಂದ 67 ಅಡಿ ದೂರಕ್ಕೆ ತಳ್ಳಿರೆಂದು ತೋರಿಸುತ್ತದೆ. ವ್ಯತ್ಯಾಸ 41 ಅಡಿ. 100 ಅಡಿ ಉದ್ದಕ್ಕೆ ಇದು 4,100 ಚದರ ಅಡಿ, ಎಂದರೆ ಸುಮಾರು ಮೂರೂ ಮುಕ್ಕಾಲು ಗುಂಟೆ ಜಾಗ, ವಿನಾಕಾರಣ ಖಾಲಿ ಉಳಿಯುತ್ತದೆ. ಒಂದು ಎಕರೆಯನ್ನು ಕೃಷಿಯೇತರಕ್ಕೆ ಪರಿವರ್ತಿಸಿಕೊಂಡ ಮಾಲೀಕನಿಗೆ ಇದು ಒಟ್ಟು ಜಾಗದ ಹತ್ತನೇ ಒಂದು ಭಾಗಕ್ಕೆ ಸಮೀಪ. ನಡುಹಗಲಿನ ನೆರಳು ದಿನದ ಅತಿ ಚಿಕ್ಕ ನೆರಳು. ಬೆಳಗಿನ ಮತ್ತು ಸಂಜೆಯ ನೆರಳುಗಳು ಇನ್ನೂ ಉದ್ದ, ಬೇರೆ ದಿಕ್ಕಿನವು. ಅವುಗಳನ್ನು ಕೈಯಿಂದ ಲೆಕ್ಕ ಹಾಕುವುದು ಕಷ್ಟವೆಂದೇ ತಂತ್ರಾಂಶ ಬೇಕು, ಆದ್ದರಿಂದಲೇ ಅದಕ್ಕೆ ಸರಿಯಾದ ಊರು ಬೇಕು.

ಬೇಸಿಗೆಯಲ್ಲಿ ತಪ್ಪು ಇನ್ನೊಂದು ರೂಪವನ್ನು ತಾಳುತ್ತದೆ. ನರೋಣಾ ಕರ್ಕಾಟಕ ಸಂಕ್ರಾಂತಿ ವೃತ್ತದ ದಕ್ಷಿಣಕ್ಕಿರುವುದರಿಂದ ಮೇ ತಿಂಗಳ ಎರಡನೆಯ ವಾರದಲ್ಲಿ ಒಮ್ಮೆ, ಆಗಸ್ಟ್ ಮೊದಲ ವಾರದಲ್ಲಿ ಇನ್ನೊಮ್ಮೆ ಸೂರ್ಯ ನೆತ್ತಿಯ ಮೇಲೆ ನೇರವಾಗಿ ಹಾದುಹೋಗುತ್ತಾನೆ. ಈ ಎರಡು ವಾರಗಳ ನಡುವಿನ ದಿನಗಳಲ್ಲಿ ನಡುಹಗಲಿನ ಸೂರ್ಯ ನೆತ್ತಿಯ ಉತ್ತರಕ್ಕಿರುತ್ತಾನೆ. ನೆರಳು ದಕ್ಷಿಣಕ್ಕೆ ಬೀಳುತ್ತದೆ. ಜೂನ್ 21ರಂದು ಸೂರ್ಯ ಮುಳುಗುವುದು ನೇರ ಪಶ್ಚಿಮದಲ್ಲಲ್ಲ, ಅಲ್ಲಿಂದ ಸುಮಾರು 25 ಡಿಗ್ರಿ ಉತ್ತರಕ್ಕೆ ಸರಿದು. ಕಾರ್ಖಾನೆಗೆ ಉತ್ತರದ ಬೆಳಕೇ ಶ್ರೇಷ್ಠ, ಉತ್ತರಕ್ಕೆ ಗಾಜು ಹಾಕಿದರೆ ಬಿಸಿಲು ಒಳಗೆ ಬರುವುದಿಲ್ಲ ಎಂಬ ಮಾತು ಯುರೋಪಿನ ಗಿರಣಿಗಳ ಕಾಲದಿಂದ ಬಂದಿದೆ, ಅಲ್ಲಿಗೆ ಅದು ಬಹುಮಟ್ಟಿಗೆ ಸರಿ. ಈ ಭಾಗದಲ್ಲಿ ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಬೆಳಗಿನ ಅಥವಾ ಸಂಜೆಯ ಬಿಸಿಲು ಉತ್ತರದ ಕಿಟಕಿಗೂ ಓರೆಯಾಗಿ ತಾಗುತ್ತದೆ. ಬಾಸ್ಟನ್ನಿನ ಮಾದರಿಯಲ್ಲಿ ನಡುಹಗಲಿನ ಸೂರ್ಯ ವರ್ಷದ ಎಲ್ಲ ದಿನವೂ ದಕ್ಷಿಣಕ್ಕೇ ಇರುವುದರಿಂದ, ಸಜ್ಜಾ ಮತ್ತು ಜಾಲರಿಯ ಖರ್ಚು ದಕ್ಷಿಣದ ಗೋಡೆಗೆ ಹೋಗುತ್ತದೆ, ಸುಡುವ ಗೋಡೆ ಬೇರೆಯೇ ಆಗಿರುತ್ತದೆ.

ಉತ್ತರ ದಿಕ್ಕಿನ ವಿಷಯವು ಸ್ಥಳಕ್ಕಿಂತಲೂ ಹೆಚ್ಚು ಸೂಕ್ಷ್ಮ. ಜಮೀನು ರಸ್ತೆಗೆ ಓರೆಯಾಗಿ ಇದ್ದರೂ ನಕ್ಷೆಗಾರರು ಕಟ್ಟಡವನ್ನು ಕಾಗದಕ್ಕೆ ನೇರವಾಗಿ ಹೊಂದಿಸಿ ಬಿಡಿಸುತ್ತಾರೆ. ಅಳತೆಗಳನ್ನು ಬರೆಯಲು, ಓದಲು ಅದೇ ಸುಲಭ. ಹೀಗೆ ಕಾಗದದ ಮೇಲ್ಭಾಗವಾಗುವ ದಿಕ್ಕನ್ನು ತಂತ್ರಾಂಶದಲ್ಲಿ ಯೋಜನೆಯ ಉತ್ತರ ಎಂದೂ, ಭೂಮಿಯ ಉತ್ತರವನ್ನು ನಿಜವಾದ ಉತ್ತರ ಎಂದೂ ಬೇರೆಬೇರೆಯಾಗಿ ಇಡಲಾಗಿದೆ. ಇವೆರಡರ ನಡುವಿನ ಕೋನವನ್ನು ಯಾರಾದರೂ ಅಳೆದು ತುಂಬಬೇಕು. ತುಂಬದಿದ್ದರೆ ಎರಡೂ ಒಂದೇ ಎಂದು ತಂತ್ರಾಂಶ ತಿಳಿಯುತ್ತದೆ. 35 ಡಿಗ್ರಿ ಓರೆಯಾಗಿರುವ ಜಮೀನಿನಲ್ಲಿ ದಕ್ಷಿಣದ್ದೆಂದು ತಿಳಿದ ಗೋಡೆ ವಾಸ್ತವದಲ್ಲಿ ನೈಋತ್ಯದ್ದಾಗಿರಬಹುದು. ಮಧ್ಯಾಹ್ನ ಮೂರು ಗಂಟೆಗೆ ಆ ಗೋಡೆಯ ಹಿಂದೆ ಕೂಡುವ ಗುಮಾಸ್ತನಿಗೆ ಇದು ತಕ್ಷಣ ತಿಳಿಯುತ್ತದೆ. ಆದರೆ ಅಷ್ಟು ಹೊತ್ತಿಗೆ ಗೋಡೆ ಎದ್ದಿರುತ್ತದೆ. ಇಲ್ಲಿ ವಿಚಿತ್ರವೆನಿಸುವ ಸಂಗತಿಯೊಂದಿದೆ. ಈಶಾನ್ಯದಲ್ಲಿ ನೀರು, ಆಗ್ನೇಯದಲ್ಲಿ ವಿದ್ಯುತ್ ಫಲಕ ಎಂದು ನಿರ್ಧರಿಸಲು ವಾಸ್ತು ಬಲ್ಲವರನ್ನು ಕರೆಸಿ, ಜಮೀನಿನ ನಡುವೆ ದಿಕ್ಸೂಚಿ ಇರಿಸಿ, ಅರ್ಧ ದಿನವನ್ನು ಕಳೆಯುವ ಮಾಲೀಕರೇ, ಆ ದಿಕ್ಸೂಚಿ ತೋರಿಸಿದ ಅಂಕಿಯನ್ನು ನಕ್ಷೆಗಾರರಿಗೆ ಕಳುಹಿಸುವುದಿಲ್ಲ. ಈ ಭಾಗದಲ್ಲಿ ಅಯಸ್ಕಾಂತದ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಇರುವ ಅಂತರ ಬಹಳ ಕಡಿಮೆ. ಹತ್ತಿರದಲ್ಲಿ ಕಬ್ಬಿಣದ ರಾಶಿ, ಟ್ರಾನ್ಸ್‌ಫಾರ್ಮರ್ ಅಥವಾ ಲಾರಿ ಇಲ್ಲದಂತೆ ನೋಡಿಕೊಂಡರೆ ನೆರಳಿನ ಲೆಕ್ಕಕ್ಕೆ ಆ ಅಂಕಿಯೇ ಸಾಕು.

ಸ್ಥಳವನ್ನು ತುಂಬಲು ಹೊರಟವರೂ ಹೆಸರನ್ನು ನಂಬಿ ಕೆಡುವುದುಂಟು. ಆಳಂದದ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಹುಡುಕಿದರೆ ಬಾಲ್ಟಿಕ್ ಸಮುದ್ರದಲ್ಲಿರುವ, ಫಿನ್ಲೆಂಡಿಗೆ ಸೇರಿದ ಓಲಂಡ್ ದ್ವೀಪಗಳು ಎದುರಾಗಬಹುದು. ಎರಡರ ಕಾಗುಣಿತವೂ ಹೆಚ್ಚುಕಡಿಮೆ ಒಂದೇ. ಆ ದ್ವೀಪಗಳಿರುವುದು 60 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇಲಿನ 30 ಅಡಿ ಗೋಡೆಯ ಡಿಸೆಂಬರ್ ನೆರಳು ಅಲ್ಲಿ 260 ಅಡಿಯನ್ನು ದಾಟುತ್ತದೆ! ನರೋಣಾದ ಹೆಸರನ್ನು ಒಂದಕ್ಷರ ತಪ್ಪಿ ಬರೆದರೆ ಕಛ್ ಜಿಲ್ಲೆಯ ನಿರೋಣಾ ಸಿಗುತ್ತದೆ. ಕಲಬುರಗಿಯ ಹೆಸರು ಬದಲಾದದ್ದು 2014ರ ನವೆಂಬರ್ 1ರಂದು. ಹಳೆಯ ಪಟ್ಟಿಗಳಲ್ಲಿ ಅದು ಗುಲ್ಬರ್ಗಾ ಎಂದೇ ಇರುತ್ತದೆ. ಆದುದರಿಂದ ಹೆಸರಿಗಿಂತ ಅಂಕಿ ಮೇಲು. ಜಮೀನಿನಲ್ಲಿ ನಿಂತು ಮೊಬೈಲಿನ ನಕ್ಷೆಯಲ್ಲಿ ಕಾಣುವ ಅಕ್ಷಾಂಶ, ರೇಖಾಂಶಗಳನ್ನು ಬರೆದು ಕಳುಹಿಸುವುದು ಎರಡು ನಿಮಿಷದ ಕೆಲಸ. ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರವು ರೂಪಿಸಿದ ದಿಶಾಂಕ್ ಆ್ಯಪ್ ನಿಂತ ಜಾಗದ ಸರ್ವೆ ನಂಬರನ್ನೂ ತೋರಿಸುತ್ತದೆ. ಪಹಣಿಯ ನಂಬರಿನೊಂದಿಗೆ ಹೋಲಿಸಿ ನೋಡಿಕೊಳ್ಳಬಹುದು.

ಎಷ್ಟು ನಿಖರತೆ ಬೇಕು ಎಂಬ ಪ್ರಶ್ನೆಗೆ ಉತ್ತರ ಒಂದೇ ಅಲ್ಲ. ನೆರಳಿನ ಲೆಕ್ಕಕ್ಕೆ ನರೋಣಾದ ಬದಲು ಕಲಬುರಗಿಯನ್ನು ತುಂಬಿದರೂ ಬಾಧಕವಿಲ್ಲ. ಒಂದು ಡಿಗ್ರಿಯ ಕಾಲುಭಾಗದಷ್ಟು ವ್ಯತ್ಯಾಸ ಗೋಡೆಯ ನೆರಳಿನಲ್ಲಿ ಅಂಗುಲಗಳಲ್ಲಿ ಮುಗಿಯುತ್ತದೆ. ಗಡಿಯ ಮಾತು ಹಾಗಲ್ಲ. ತಂತ್ರಾಂಶದೊಳಗೆ ಹಿನ್ನೆಲೆಯಾಗಿ ತರಿಸಿಕೊಳ್ಳುವ ಉಪಗ್ರಹ ಚಿತ್ರವು ಹಲವು ಅಡಿಗಳಷ್ಟು ಸರಿದಿರಬಹುದು. ಅದರ ಮೇಲೆ ಬೇಲಿಯ ಗೆರೆ ಎಳೆದು ಕಾಂಪೌಂಡ್ ಕಟ್ಟಿಸುವುದು ವ್ಯಾಜ್ಯವನ್ನು ಆಹ್ವಾನಿಸಿದಂತೆ. ಗಡಿಗೆ ಆಧಾರ ಭೂಮಾಪನ ಇಲಾಖೆಯ ನಕ್ಷೆ ಮತ್ತು ಹದ್ದುಬಸ್ತು ಮಾತ್ರ. ಎತ್ತರದ ವಿಷಯದಲ್ಲಿಯೂ ಹೀಗೆಯೇ. ಮಾದರಿಯ ಸೊನ್ನೆ ಮಟ್ಟವು ಸಮುದ್ರ ಮಟ್ಟದಿಂದ ಎಷ್ಟು ಎತ್ತರದ್ದೆಂದು ತಿಳಿಸದಿದ್ದರೆ ಅದು ಗಾಳಿಯಲ್ಲಿ ತೇಲುವ ಸೊನ್ನೆ. ನರೋಣಾದಲ್ಲಿ ಇದು ರಸ್ತೆಯ ಮಟ್ಟಕ್ಕಿಂತ ಶೆಡ್ಡಿನ ನೆಲ ಎಷ್ಟು ಮೇಲೆ ಎಂಬ ಪ್ರಶ್ನೆಯಷ್ಟೇ ಆಗಿರಬಹುದು. 2020ರ ಅಕ್ಟೋಬರಿನಲ್ಲಿ ಭೀಮಾ ನದಿ ಉಕ್ಕಿದಾಗ ತೀರದ ಊರುಗಳಿಗೆ ನೀರು ನುಗ್ಗಿದ್ದನ್ನು ಕಂಡ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಗೋದಾಮು ಮಾಲೀಕರಿಗೆ ಅದು ದಾಸ್ತಾನಿನ ಪ್ರಶ್ನೆ.

ಹವಾಮಾನದ ಅಂಕಿ ಅಂಶಗಳು ಮತ್ತೊಂದು ಬಾಬು. ತಂಪುಗೊಳಿಸುವ ಭಾರವನ್ನು ಲೆಕ್ಕ ಹಾಕಲು ತಂತ್ರಾಂಶವು ಆರಿಸಿದ ಸ್ಥಳದ ಸಮೀಪದ ಹವಾಮಾನ ಕೇಂದ್ರದ ದಾಖಲೆಯನ್ನು ಬಳಸುತ್ತದೆ. ಬಾಸ್ಟನ್ನಿನ ದಾಖಲೆ ಇದ್ದರೆ ಕೋಣೆ ಬೆಚ್ಚಗಿಡುವ ಯಂತ್ರವನ್ನು ಸೂಚಿಸೀತು, ಅದನ್ನು ನೋಡಿ ನಕ್ಕು ಸರಿಪಡಿಸಬಹುದು. ಹೆಚ್ಚು ಅಪಾಯಕಾರಿಯಾದುದು ಬೆಂಗಳೂರು. ಬೆಂಗಳೂರಿನ ಕಚೇರಿಯಲ್ಲಿ ಹಿಂದಿನ ಕೆಲಸದ ಕಡತವನ್ನೇ ನಕಲು ಮಾಡಿ ಹೊಸ ಕೆಲಸವನ್ನು ಆರಂಭಿಸಿದಾಗ ಸ್ಥಳವೂ ಅದರೊಡನೆ ನಕಲಾಗುತ್ತದೆ. ರಾಜ್ಯ ಒಂದೇ, ಹೆಸರು ಪರಿಚಿತ, ಯಾರಿಗೂ ಸಂಶಯ ಬರುವುದಿಲ್ಲ. ಆದರೆ ಸಮುದ್ರ ಮಟ್ಟದಿಂದ 900 ಮೀಟರಿಗೂ ಮೇಲಿರುವ ಬೆಂಗಳೂರಿನ ಮೇ ತಿಂಗಳಿಗೂ, ಅದರ ಅರ್ಧದಷ್ಟು ಎತ್ತರದಲ್ಲಿದ್ದು 40 ಡಿಗ್ರಿಯನ್ನು ಸಲೀಸಾಗಿ ದಾಟುವ ಕಲಬುರಗಿಯ ಮೇ ತಿಂಗಳಿಗೂ ಏನು ಸಂಬಂಧ? ಕಲಬುರಗಿಯಲ್ಲಿ ಹವಾಮಾನ ಇಲಾಖೆಯ ವೀಕ್ಷಣಾ ಕೇಂದ್ರವಿದೆ. ಅದರ ದಾಖಲೆ ತಂತ್ರಾಂಶದ ಪಟ್ಟಿಯಲ್ಲಿ ಸಿಗದಿದ್ದರೆ ಸೊಲ್ಲಾಪುರದ್ದನ್ನು ಆರಿಸುವುದು ಬೆಂಗಳೂರನ್ನು ಆರಿಸುವುದಕ್ಕಿಂತ ಎಷ್ಟೋ ಮೇಲು. ಶೈತ್ಯಾಗಾರವನ್ನು ಕಟ್ಟಿಸುವವರು ಈ ಒಂದು ಅಂಶದ ಮೇಲೆ ಪ್ರತ್ಯೇಕವಾಗಿ ಲಿಖಿತ ಖಚಿತತೆಯನ್ನು ಪಡೆಯತಕ್ಕದ್ದು.

ತಂತ್ರಾಂಶಕ್ಕೆ ಸ್ಥಳ ಗೊತ್ತಾದ ಮಾತ್ರಕ್ಕೆ ಎಲ್ಲವೂ ಗೊತ್ತಾಯಿತೆಂದು ತಿಳಿಯಬಾರದು. ನೆಲದ ಕೆಳಗಿನ ಕರಿ ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದು ಅದಕ್ಕೆ ತಿಳಿಯದು. ಮಣ್ಣಿನ ಪರೀಕ್ಷೆಗೆ ಪರ್ಯಾಯವಿಲ್ಲ. ಭೂಕಂಪದ ವಿಚಾರವೂ ಹಾಗೆಯೇ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡ ಕಿಲ್ಲಾರಿ ಆಳಂದದಿಂದ ನೇರ ಅಂತರದಲ್ಲಿ 60 ಕಿಲೋಮೀಟರಿನೊಳಗೇ ಇದೆ. ಅಂದಿನ ಭೂಕಂಪ ವಲಯ ನಕ್ಷೆಯಲ್ಲಿ ಕಿಲ್ಲಾರಿ ಇದ್ದದ್ದು ಅತಿ ಕಡಿಮೆ ಅಪಾಯದ ಒಂದನೇ ವಲಯದಲ್ಲಿ! 2002ರ ಪರಿಷ್ಕರಣೆಯಲ್ಲಿ ಒಂದನೇ ವಲಯವನ್ನೇ ರದ್ದುಪಡಿಸಿ ಆ ಪ್ರದೇಶವನ್ನು ಮೂರನೇ ವಲಯಕ್ಕೆ ಸೇರಿಸಲಾಯಿತು. ಕಂಬ, ತೊಲೆಗಳ ಲೆಕ್ಕ ಹಾಕುವ ಇಂಜಿನಿಯರರು ಈ ವಲಯವನ್ನೂ ಗಾಳಿಯ ವೇಗವನ್ನೂ ಬೇರೆ ತಂತ್ರಾಂಶದಲ್ಲಿ, ಬೇರೆಯಾಗಿಯೇ ತುಂಬುತ್ತಾರೆ. ವಾಸ್ತುಶಿಲ್ಪಿಯ ಕಡತದಲ್ಲಿ ನರೋಣಾ ಇದ್ದು ಇಂಜಿನಿಯರರ ಕಡತದಲ್ಲಿ ಹಿಂದಿನ ಕೆಲಸದ ಊರು ಉಳಿದಿರುವುದು ಅಸಂಭವವೇನಲ್ಲ. ಆದ್ದರಿಂದ ಇಬ್ಬರನ್ನೂ ಕೇಳಬೇಕು. ಇಂದು ಜಾರಿಯಲ್ಲಿರುವ ಸಂಹಿತೆಯ ಪ್ರಕಾರವೇ ತುಂಬಲಾಗಿದೆಯೇ ಎಂಬುದನ್ನೂ ಕೇಳಬೇಕು.

ಇಷ್ಟೆಲ್ಲ ಏಕೆ, ಚಿಕ್ಕ ಶೆಡ್ಡಿಗೆ ಇದರ ಅಗತ್ಯವೇನು ಎಂಬ ಆಕ್ಷೇಪಣೆ ನಕ್ಷೆಗಾರರಿಂದ ಬರುವುದು ಸಹಜ. ಅದರಲ್ಲಿ ಹುರುಳಿಲ್ಲದೆ ಇಲ್ಲ. ನಾಲ್ಕು ಗೋಡೆ, ತಗಡಿನ ಮಾಡು, ಒಂದು ಶಟರ್ ಇರುವ ಗೋದಾಮಿಗೆ ಗೆರೆಯ ನಕ್ಷೆ ಸಾಕು, ನೆರಳಿನ ವರದಿ ಬೇಡ. ಚದರ ಅಡಿಗೆ ಇಷ್ಟು ಎಂದು ಶುಲ್ಕವನ್ನು ಚೌಕಾಸಿ ಮಾಡಿ ಅರ್ಧಕ್ಕಿಳಿಸಿದ ಮಾಲೀಕನು ಹಳೆಯ ಕಡತದ ನಕಲನ್ನೇ ಪಡೆದರೆ ಆಶ್ಚರ್ಯಪಡಬೇಕಾಗಿಲ್ಲ ಎಂಬುದೂ ಸತ್ಯ. ಆದರೆ ವರದಿಯನ್ನು ಕೊಟ್ಟ ಮೇಲೆ, ಅದರ ಆಧಾರದ ಮೇಲೆ ಕಣದ ಜಾಗ, ಸೌರಫಲಕದ ಸಂಖ್ಯೆ, ಹವಾನಿಯಂತ್ರಕದ ಟನ್ನು ನಿರ್ಧಾರವಾಗಿ ಬ್ಯಾಂಕಿನ ಯೋಜನಾ ವರದಿಯೊಳಗೆ ಸೇರಿದ ಮೇಲೆ, ಮೊದಲ ಅಂಕಿ ತಪ್ಪಾಗಿತ್ತು ಎನ್ನುವುದಕ್ಕೆ ವಿನಾಯಿತಿ ಇರಲಾರದು. ಹೊಣೆಯ ಮೊದಲ ಪಾಲು ಮಾಲೀಕನದೇ. ಪುಣೆಯಲ್ಲೋ ಹೈದರಾಬಾದಿನಲ್ಲೋ ಕುಳಿತು ಮಾದರಿ ಸಿದ್ಧಪಡಿಸುವ ತರುಣನು ನರೋಣಾವನ್ನು ಕಂಡವನಲ್ಲ. ಚೆಕ್ಕುಬಂದಿಯ ಕಾಗದ ಇರುವುದು ಮಾಲೀಕನ ಕಪಾಟಿನಲ್ಲಿ.

ತಪ್ಪಿನ ಬೆಲೆ ತೆರಿಗೆಯ ಲೆಕ್ಕದಲ್ಲಿಯೂ ಹಿಂಬಾಲಿಸುತ್ತದೆ ಎಂಬುದನ್ನು ಬಹಳ ಮಂದಿ ಗಮನಿಸಿಲ್ಲ. ಸ್ವಂತಕ್ಕಾಗಿ ಕಟ್ಟಿಸುವ ಸ್ಥಿರ ಕಟ್ಟಡದ ಸರಕು ಮತ್ತು ಸೇವೆಗಳ ಮೇಲೆ ತೆತ್ತ ಜಿ.ಎಸ್.ಟಿ.ಗೆ ಕಾಯ್ದೆಯ 17(5)ನೇ ಕಲಮಿನ ಪ್ರಕಾರ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ. ಯಂತ್ರೋಪಕರಣಗಳು ಮತ್ತು ಅವುಗಳ ಬುನಾದಿಯ ಮಾತು ಬೇರೆ. 2024ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ತೀರ್ಪೊಂದು ಕೆಲವು ಕಟ್ಟಡಗಳ ಬಗ್ಗೆ ಆಸೆ ಮೂಡಿಸಿತ್ತಾದರೂ, 2025ರ ಹಣಕಾಸು ಕಾಯ್ದೆಯು ಕಲಮಿನ ಪದವನ್ನೇ ಪೂರ್ವಾನ್ವಯವಾಗಿ ತಿದ್ದಿ ಆ ಬಾಗಿಲನ್ನು ಮುಚ್ಚಿತು. ಎಂದರೆ ಒಮ್ಮೆ ಕಟ್ಟಿ, ಒಡೆದು, ಮತ್ತೆ ಕಟ್ಟಿದ ಗೋಡೆಯ ಸಿಮೆಂಟಿಗೆ ತೆತ್ತ ತೆರಿಗೆ ಎರಡು ಸಲವೂ ಹೋದದ್ದೇ. ಆದಾಯ ತೆರಿಗೆಯಲ್ಲಿ ಕಾರ್ಖಾನೆಯ ಕಟ್ಟಡಕ್ಕೆ ಸವಕಳಿ ಇಳಿಕೆಯ ಮೌಲ್ಯದ ಮೇಲೆ ಶೇಕಡಾ 10. ತಪ್ಪಿನಿಂದ 2 ಲಕ್ಷ ರೂಪಾಯಿ ಹೆಚ್ಚು ಖರ್ಚಾಗಿದ್ದರೆ, ಏಳು ವರ್ಷಗಳ ಪೂರ್ಣ ಸವಕಳಿಯನ್ನು ಕಳೆದ ಮೇಲೂ ಸುಮಾರು 96,000 ರೂಪಾಯಿ ಪುಸ್ತಕದಲ್ಲೇ ಕುಳಿತಿರುತ್ತದೆ.

ಆದುದರಿಂದ ಕೆಲಸದ ಆದೇಶ ಪತ್ರದಲ್ಲಿಯೇ ನಾಲ್ಕು ಸಾಲು ಸೇರಿಸುವುದು ಒಳ್ಳೆಯದು: ಜಮೀನಿನ ಅಕ್ಷಾಂಶ, ರೇಖಾಂಶ ಇಷ್ಟು, ಯೋಜನೆಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ನಡುವೆ ಕೋನ ಇಷ್ಟು, ಬಳಸಿದ ಹವಾಮಾನ ದಾಖಲೆ ಯಾವ ಊರಿನದು, ಸೊನ್ನೆ ಮಟ್ಟದ ಎತ್ತರ ಎಷ್ಟು. ಇವುಗಳನ್ನು ನಕ್ಷೆಯ ಮೊದಲ ಹಾಳೆಯಲ್ಲಿ ಮುದ್ರಿಸಿ ಸಹಿ ಮಾಡಿಕೊಟ್ಟ ನಂತರ ಶುಲ್ಕದ ಮೊದಲ ಕಂತು. ವೃತ್ತಿಪರರಾದ ಯಾವ ವಾಸ್ತುಶಿಲ್ಪಿಯೂ ಇದಕ್ಕೆ ಬೇಸರಪಡಲಾರರು.

ಸಹಿಯನ್ನು ನಂಬಿದರೂ ಲೆಕ್ಕಪರಿಶೋಧನೆಯಲ್ಲಿರುವಂತೆ ಒಂದು ಮಾದರಿ ಪರೀಕ್ಷೆ ಇದ್ದರೆ ಮೇಲು, ಅದಕ್ಕೆ ತಂತ್ರಾಂಶದ ಜ್ಞಾನ ಬೇಕಿಲ್ಲ. ಮಾದರಿಯ ಬಯಲಿನಲ್ಲಿ 10 ಅಡಿಯ ಕಂಬವೊಂದನ್ನು ನಿಲ್ಲಿಸಲು ನಕ್ಷೆಗಾರರಿಗೆ ಹೇಳಬೇಕು. ಭಾರತೀಯ ಕಾಲಮಾನದ ರೇಖೆ 82.5 ಡಿಗ್ರಿ ರೇಖಾಂಶದಲ್ಲಿ, ಮಿರ್ಜಾಪುರದ ಬಳಿ ಹಾದುಹೋಗುವುದರಿಂದ ಈ ಭಾಗದ ನಿಜವಾದ ನಡುಹಗಲು ಗಡಿಯಾರದ 12 ಗಂಟೆಗಲ್ಲ, 12 ಗಂಟೆ 24 ನಿಮಿಷದ ಆಸುಪಾಸಿಗೆ. ಆ ಹೊತ್ತಿಗೆ ಡಿಸೆಂಬರ್ 21ರ ನೆರಳು ಉತ್ತರಕ್ಕೆ 8 ಅಡಿ 8 ಅಂಗುಲದ ಸುಮಾರಿಗೆ ಇರಬೇಕು. 22 ಅಡಿ ತೋರಿಸಿದರೆ ಕಡತವು ಇನ್ನೂ ಬಾಸ್ಟನ್ನಿನಲ್ಲಿದೆ. ಜೂನ್ 21ಕ್ಕೆ ತಾರೀಖನ್ನು ಬದಲಿಸಿದಾಗ ನೆರಳು ಕೇವಲ ಒಂದು ಅಡಿ ಇರಬೇಕು, ಅದೂ ದಕ್ಷಿಣಕ್ಕೆ. ಉತ್ತರಕ್ಕೆ ಬಿದ್ದರೆ ಹಾಳೆಯನ್ನು ವಾಪಸು ಕಳುಹಿಸಬೇಕು. ಕಂಪ್ಯೂಟರಿನ ಮೇಲೆಯೇ ಸಂಶಯವಿರುವವರು ಬರುವ ಡಿಸೆಂಬರಿನಲ್ಲಿ, ತೊಗರಿಯ ಚೀಲಗಳು ಮಾರುಕಟ್ಟೆಗೆ ಬರುವ ದಿನಗಳಲ್ಲಿ, ಅಂಗಡಿಯ ಮುಂದೆ ಹತ್ತು ಅಡಿಯ ಬಿದಿರೊಂದನ್ನು ನೇರವಾಗಿ ನಿಲ್ಲಿಸಿ ಟೇಪು ಹಿಡಿದು ನೋಡಬಹುದು.